ಒಂದು ಸೆಂಟಿಮೀಟರ್ ಅಗಲದ ಪಟ್ಟಿ

ನಮ್ಮ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಊಟ ಮುಗಿಸಿದ ಮೇಲೆ ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತುಕೊಳ್ಳುತ್ತಾರೆ. ಕೈ ತನ್ನ ಪಾಡಿಗೆ ಅಡಿಕೆ ಸುಲಿಯುತ್ತಿದ್ದರೆ ಬಾಯಿ ಊರಿನ ಸಮಾಚಾರವನ್ನೆಲ್ಲ ಸುಲಿಯುತ್ತಿರುತ್ತದೆ. ಯಾರೋ ಒಬ್ಬರು ಒಂದು ಮಾತು ಬಿಟ್ಟರೆ ಇಡೀ ಸಾಲು ಬಿದ್ದು ಬಿದ್ದು ನಗುತ್ತದೆ. ಆ ಸಾಲಿನಲ್ಲಿ ನಾನು ಹನ್ನೆರಡು ವರ್ಷ ಅಳೆದು ತೂಗಿ ನಕ್ಕಿದ್ದೇನೆ. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು ಕುಳಿತವಳಿಗೆ ನಗು ಬಂದಾಗ ತೊಡೆ ಜೋಡಿಸಿಕೊಳ್ಳುವ ಅವಕಾಶವಿರುವುದಿಲ್ಲ. ಆದ್ದರಿಂದ ಮಾತು ನಗೆಯ ಕಡೆಗೆ ತಿರುಗುತ್ತಿದೆ ಎಂದು ಗೊತ್ತಾದ ಕೂಡಲೇ ಬೆಂಕಿ ನೋಡುವ ನೆಪ ಮಾಡಿಕೊಂಡು ಅಡಿಕೆ ಬೇಯಿಸುವ ಹಂಡೆಯ ಬಳಿಗೆ ಎದ್ದು ಹೋಗುತ್ತಿದ್ದೆ. ನಕ್ಕರೆ, ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಹನಿಯುತ್ತಿತ್ತು. ಮೊದಲು ಹನಿ, ಕೊನೆಯ ಮೂರು ನಾಲ್ಕು ವರ್ಷಗಳಲ್ಲಿ ಅದು ಹನಿಯಾಗಿ ಉಳಿದಿರಲಿಲ್ಲ.

ಈ ವಿಷಯವನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಮೂತ್ರನಾಳದ ಅಡಿಗೆ ಒಂದು ಪಟ್ಟಿ ಇಟ್ಟು ಈ ಸೋರಿಕೆ ನಿಲ್ಲಿಸುವ ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷ ಕಳೆದಿದೆ. ಈ ಅವಧಿಯಲ್ಲಿ ನನ್ನ ಬಳಿ ಗುಟ್ಟಾಗಿ ಬಂದು ‘ನಿಮಗೆ ಮಾಡಿಸಿದ್ದು ಎಂತ ಆಪರೇಷನ್?’ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಪ್ರತಿಯೊಬ್ಬರಿಗೂ ಅಡುಗೆಮನೆಯ ಮೂಲೆಯಲ್ಲಿ ನಿಂತು ಅರ್ಧಂಬರ್ಧ ಹೇಳುವುದಕ್ಕಿಂತ ಒಂದು ಸಲ ಸರಿಯಾಗಿ ಬರೆದಿಡುವುದು ಒಳ್ಳೆಯದು ಎನ್ನಿಸಿತು. ನಾನು ವೈದ್ಯೆಯಲ್ಲ, ತೀರ್ಥಹಳ್ಳಿ ಸೀಮೆಯ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ. ಓದಿ, ಕೇಳಿ, ಅನುಭವಿಸಿ ತಿಳಿದುಕೊಂಡದ್ದನ್ನು ಮಾತ್ರ ಇಲ್ಲಿ ಹೇಳುತ್ತಿದ್ದೇನೆ.

ಮಲೆನಾಡಿನ ಮಳೆಗಾಲ ಈ ತೊಂದರೆಯಿರುವ ಹೆಂಗಸಿಗೆ ಎಷ್ಟು ಕಷ್ಟದ್ದು ಎಂಬುದನ್ನು ಹೊರಗಿನವರಿಗೆ ವಿವರಿಸುವುದು ಸುಲಭವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯಲ್ಲಿ ಯಾರಿಗಾದರೂ ನೆಗಡಿ, ಕೆಮ್ಮು ಇದ್ದೇ ಇರುತ್ತದೆ, ಅದೇ ನಾಲ್ಕು ತಿಂಗಳು ಬಟ್ಟೆ ಒಣಗುವುದೂ ಇಲ್ಲ. ಹಳೆಯ ಹತ್ತಿ ಸೀರೆಯನ್ನು ಹರಿದು ಮಡಚಿ ಇಟ್ಟುಕೊಳ್ಳುತ್ತಿದ್ದ ತುಂಡುಗಳನ್ನು ಬಚ್ಚಲ ಒಲೆಯ ಮೇಲಿನ ಗಳದಲ್ಲಿ, ಗಂಡನ ಪಂಚೆಯ ಅಡಿಯಲ್ಲಿ ಅಡಗಿಸಿ ಒಣಗಿಸುತ್ತಿದ್ದೆ. ಅವುಗಳಿಗೆ ಹತ್ತಿದ ಹೊಗೆಯ ವಾಸನೆಯೇ ನನ್ನ ಪಾಲಿಗೆ ಒಂದು ಸಮಾಧಾನವಾಗಿತ್ತು, ಏಕೆಂದರೆ ಅದು ಇನ್ನೊಂದು ವಾಸನೆಯನ್ನು ಮುಚ್ಚುತ್ತಿತ್ತು. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಬೇಕಾದ ದಿನ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಸುಮಾರು ಅರವತ್ತು ಕಿಲೋಮೀಟರ್ ದಾರಿ. ಮಂಡಗದ್ದೆ, ಗಾಜನೂರು ದಾಟುವಷ್ಟರಲ್ಲಿ ಬಸ್ಸು ಹಾರಿಸಿದ ಉಬ್ಬುಗಳಲ್ಲಿ ಯಾವುದು ನನ್ನನ್ನು ಒದ್ದೆ ಮಾಡುತ್ತದೆ ಎಂಬುದು ಬಾಯಿಪಾಠವಾಗಿತ್ತು. ನೀರು ಕುಡಿಯದಿದ್ದರೆ ಸೋರುವುದಿಲ್ಲ ಎಂಬುದೂ ಸುಳ್ಳು. ಮೂತ್ರ ಮಂದವಾಗಿ ಉರಿ ಶುರುವಾಗುತ್ತಿತ್ತು, ಅಷ್ಟೇ.

ಮೊದಲು ತೋರಿಸಿದ ವೈದ್ಯರು ‘ವಯಸ್ಸಾಗುತ್ತಾ ಬಂತಲ್ಲ, ಇದೆಲ್ಲ ಸಹಜ’ ಎಂದು ಹೇಳಿ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಆಗ ನನಗೆ ನಲವತ್ತೆರಡು. ಎರಡನೆಯವರು ಗರ್ಭಕೋಶ ತೆಗೆಸಿಬಿಡಿ, ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದೆ ಎಂದರು. ಇಬ್ಬರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಆದರೆ ಎರಡನೆಯ ಸಲಹೆಯನ್ನು ಕುರಿತು ಒಂದು ಮಾತು ಹೇಳಲೇಬೇಕು, ಏಕೆಂದರೆ ನಮ್ಮ ಊರುಗಳಲ್ಲಿ ಹೆಂಗಸರ ಯಾವ ತೊಂದರೆಗೂ ಗರ್ಭಕೋಶವನ್ನೇ ಹೊಣೆ ಮಾಡುವ ಅಭ್ಯಾಸವಿದೆ. ಕೆಮ್ಮಿದಾಗ ಮೂತ್ರ ಸೋರುವುದಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಸ್ವೀಡನ್ನಿನಲ್ಲಿ ಇಡೀ ದೇಶದ ದಾಖಲೆಗಳನ್ನು ಆಧರಿಸಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭಕೋಶ ತೆಗೆಸಿಕೊಂಡವರಿಗೆ ಮುಂದೆ ಸೋರಿಕೆಯ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಉಳಿದವರಿಗಿಂತ ಹೆಚ್ಚೇ ಎಂದು ಕಂಡುಬಂದಿತ್ತು. ಇದು ನನಗೆ ಆಗ ಗೊತ್ತಿರಲಿಲ್ಲ. ಆ ವರ್ಷ ಅಡಿಕೆ ಗೊನೆಗಳ ಕೊಯ್ಲು ಮುಗಿಯಲಿ ಎಂದು ಮುಂದೂಡಿದ್ದೆ, ಮರು ವರ್ಷ ಮಗಳ ಪರೀಕ್ಷೆ ಬಂತು, ಹೀಗೆ ಗರ್ಭಕೋಶ ಉಳಿಯಿತು.

ಮೂರನೆಯದಾಗಿ ಶಿವಮೊಗ್ಗದಲ್ಲಿ ಸಿಕ್ಕ ವೈದ್ಯೆ ನನ್ನ ಪಾಲಿಗೆ ಬೇರೆಯೇ ತೆರನಾಗಿದ್ದರು. ಅವರು ಕೇಳಿದ ಮೊದಲ ಪ್ರಶ್ನೆ ‘ಯಾವಾಗ ಸೋರುತ್ತದೆ?’ ಎಂಬುದು. ಕೆಮ್ಮು, ನಗು, ಭಾರದ ಜೊತೆಗೆ ಸೋರುವುದು ಒಂದು ಜಾತಿ. ಬಾಗಿಲಿನ ಕೀಲಿ ತೆಗೆಯುವಷ್ಟರಲ್ಲಿ ಅವಸರವಾಗಿ, ತಡೆಯಲಾರದೆ ಹೋಗುವುದು ಇನ್ನೊಂದು ಜಾತಿ. ಹಲವರಿಗೆ ಎರಡೂ ಬೆರೆತಿರುತ್ತವೆ. ಶಸ್ತ್ರಚಿಕಿತ್ಸೆ ಸರಿಮಾಡುವುದು ಮೊದಲನೆಯದನ್ನು. ಎರಡನೆಯದು ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುವುದರಿಂದ ಆಗುವಂಥದ್ದಾದ್ದರಿಂದ ಅದಕ್ಕೆ ಅಭ್ಯಾಸ, ಮಾತ್ರೆಗಳ ದಾರಿ ಬೇರೆ. ಮೂರು ದಿನ ಎಷ್ಟು ಕುಡಿದೆ, ಎಷ್ಟು ಸಲ ಹೋದೆ, ಎಷ್ಟು ಹೋಯಿತು, ಯಾವಾಗ ಸೋರಿತು ಎಂದು ಬರೆದು ತರಲು ಹೇಳಿದರು. ಶಾಲೆಯ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಬರೆದೆ. ಮೂತ್ರದ ಪರೀಕ್ಷೆಯಾಯಿತು, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆಂದು ಸ್ಕ್ಯಾನಿಂಗ್ ಮಾಡಿದರು. ಬಳಿಕ ಮೂತ್ರಕೋಶ ತುಂಬಿರುವಾಗ ಕಾಲು ಅಗಲಿಸಿ ನಿಲ್ಲಿಸಿ ಕೆಮ್ಮಲು ಹೇಳಿದರು. ಹನ್ನೆರಡು ವರ್ಷ ಯಾರಿಗೂ ಕಾಣದಂತೆ ಮುಚ್ಚಿಟ್ಟದ್ದನ್ನು ಬೆಳಕಿನಲ್ಲಿ ಇನ್ನೊಬ್ಬರ ಮುಂದೆ ಬೇಕೆಂದೇ ಮಾಡಿ ತೋರಿಸಬೇಕಾದ ಆ ಅರ್ಧ ನಿಮಿಷದ ಮುಂದೆ, ನಂತರದ ಆಪರೇಷನ್ ನನಗೆ ಏನೂ ಅಲ್ಲ ಎನ್ನಿಸಿತು.

ಏಕೆ ಸೋರುತ್ತದೆ ಎಂಬುದನ್ನು ಅವರು ತೋಟದ ಪೈಪಿನ ಹೋಲಿಕೆಯಿಂದ ತಿಳಿಸಿದರು. ಈ ಹೋಲಿಕೆ ಅಮೆರಿಕದ ಜಾನ್ ಡಿಲ್ಯಾನ್ಸಿ ಎಂಬ ವೈದ್ಯರು 1994ರಲ್ಲಿ ಮಂಡಿಸಿದ ವಿವರಣೆಗೆ ಸೇರಿದ್ದು ಎಂದು ಆಮೇಲೆ ಓದಿ ತಿಳಿದೆ. ಆದರೆ ಅಡಿಕೆ ತೋಟಕ್ಕೆ ನೀರು ಹಾಯಿಸಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೀರು ಹರಿಯುತ್ತಿರುವ ಪೈಪು ಗಟ್ಟಿಯಾದ ಕಣದ ಮೇಲಿದ್ದಾಗ ಕಾಲಿನಿಂದ ಒತ್ತಿದರೆ ನೀರು ನಿಲ್ಲುತ್ತದೆ, ಅದೇ ಪೈಪು ತೋಟದ ಕೆಸರಿನಲ್ಲಿದ್ದರೆ ಎಷ್ಟು ಒತ್ತಿದರೂ ಪೈಪೇ ಕೆಳಗಿಳಿಯುತ್ತದೆಯೇ ಹೊರತು ನೀರು ನಿಲ್ಲುವುದಿಲ್ಲ. ಕೆಮ್ಮಿದಾಗ ಹೊಟ್ಟೆಯ ಒತ್ತಡವೆಲ್ಲ ಮೂತ್ರಕೋಶದ ಮೇಲೂ ಮೂತ್ರನಾಳದ ಮೇಲೂ ಬೀಳುತ್ತದೆ. ನಾಳದ ಅಡಿಯಲ್ಲಿ ಸ್ನಾಯು, ಪೊರೆಗಳ ಗಟ್ಟಿ ನೆಲವಿದ್ದರೆ ಆ ಒತ್ತಡವೇ ನಾಳವನ್ನು ಅಮುಕಿ ಮುಚ್ಚುತ್ತದೆ. ಹೆರಿಗೆಗಳಲ್ಲಿ ಆ ನೆಲ ಹಿಗ್ಗಿ ಸಡಿಲವಾಗಿದ್ದರೆ ನಾಳ ಕುಸಿಯುತ್ತದೆ, ಮೂತ್ರ ಹೊರಬರುತ್ತದೆ. ನನ್ನ ಮೊದಲ ಮಗುವನ್ನು ಇಕ್ಕಳ ಹಾಕಿ ತೆಗೆದಿದ್ದರು. ಅದರ ಮೇಲೆ ವರ್ಷಗಟ್ಟಲೆ ಸೊಪ್ಪಿನ ಹೊರೆ, ಗೊಬ್ಬರದ ಬುಟ್ಟಿ, ಹಿತ್ತಲ ಬಾವಿಯಿಂದ ಬಚ್ಚಲ ಹಂಡೆಗೆ ಹೊತ್ತ ಕೊಡಗಳು. ಕೆಲವರಿಗೆ ನೆಲ ಸರಿಯಿದ್ದು ನಾಳದ ಬಾಯಿ ಬಿಗಿಯುವ ಸ್ನಾಯುವೇ ಸೋತಿರುವುದುಂಟು, ಆಗ ಚಿಕಿತ್ಸೆಯ ಲೆಕ್ಕ ಸ್ವಲ್ಪ ಬದಲಾಗುತ್ತದೆ.

ಅವರು ನೇರವಾಗಿ ಆಪರೇಷನ್‌ಗೆ ಬರೆದುಕೊಡಲಿಲ್ಲ. ಮೂರು ತಿಂಗಳು ವ್ಯಾಯಾಮ ಮಾಡಿ ಬನ್ನಿ ಎಂದರು. ನನಗೆ ಸಿಟ್ಟೇ ಬಂದಿತ್ತು. ಇಷ್ಟು ವರ್ಷ ಕಾದು, ನಾಚಿಕೆ ಬಿಟ್ಟು ಬಂದರೆ ಇವರೂ ಸಾಗಹಾಕುತ್ತಿದ್ದಾರಲ್ಲ ಎನ್ನಿಸಿತು. ಅದು ನನ್ನ ತಪ್ಪು ತಿಳಿವಳಿಕೆ. ಆರ್ನಲ್ಡ್ ಕೆಗೆಲ್ ಎಂಬ ಅಮೆರಿಕದ ವೈದ್ಯ 1948ರಲ್ಲಿ ಬರೆದ ಈ ವ್ಯಾಯಾಮ ಇವತ್ತಿಗೂ ಮೊದಲ ಚಿಕಿತ್ಸೆಯೇ. ಗಾಳಿ ಹೋಗದಂತೆ ತಡೆಯುವಾಗ, ಮೂತ್ರ ತಡೆಯುವಾಗ ಬಿಗಿಯಾಗುವ ಒಳಸ್ನಾಯುಗಳನ್ನು ಮೇಲಕ್ಕೆ ಸೆಳೆದು ಹಿಡಿದು ಬಿಡುವುದು. ಒಂದು ಸರದಿಗೆ ಕನಿಷ್ಠ ಎಂಟು ಸಲ, ದಿನಕ್ಕೆ ಮೂರು ಸರದಿ, ಕನಿಷ್ಠ ಮೂರು ತಿಂಗಳು. ಕೇಳಲು ಸುಲಭ. ಫಿಸಿಯೋಥೆರಪಿಸ್ಟ್ ಹುಡುಗಿ ಕೈಗವಸು ಹಾಕಿ ಪರೀಕ್ಷಿಸಿದಾಗ ನಾನು ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದೇನೆ, ಅಂದರೆ ಮಾಡಬಾರದ್ದನ್ನೇ ಮಾಡುತ್ತಿದ್ದೇನೆ ಎಂದು ಗೊತ್ತಾಯಿತು. ಮೊಬೈಲಿನಲ್ಲಿ ನೋಡಿ ಮಾಡಿದವರಲ್ಲಿ ಎಷ್ಟು ಜನ ಹೀಗೆಯೇ ಮುಕ್ಕುತ್ತಿದ್ದಾರೋ! ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ ಬಿಗಿಯಬಾರದು, ಮೂತ್ರ ಮಾಡುತ್ತಿರುವಾಗ ನಡುವೆ ನಿಲ್ಲಿಸಿ ಅದನ್ನೇ ಅಭ್ಯಾಸವಾಗಿ ಮಾಡಿಕೊಳ್ಳಬಾರದು. ಕೆಮ್ಮು ಬರುವ ಮುನ್ನ ಒಮ್ಮೆ ಬಿಗಿದುಕೊಳ್ಳುವ ಉಪಾಯವನ್ನೂ ಅವಳೇ ಕಲಿಸಿದಳು.

ಮೂರು ತಿಂಗಳ ಕೊನೆಗೆ ಸಣ್ಣ ಕೆಮ್ಮಿಗೆ ಸೋರುವುದು ಬಹಳ ಕಡಿಮೆಯಾಗಿತ್ತು. ಸೀನು ಮತ್ತು ಕೊಡದ ಭಾರಕ್ಕೆ ಮಾತ್ರ ಏನೂ ಪ್ರಯೋಜನವಾಗಿರಲಿಲ್ಲ. ನೆದರ್‌ಲ್ಯಾಂಡ್ಸಿನಲ್ಲಿ 460 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ ಎಂದು ಆರಂಭಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ವರ್ಷದ ಕೊನೆಗೆ ತಮಗೆ ಗುಣ ಕಂಡಿದೆ ಎಂದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 91ರಷ್ಟು, ವ್ಯಾಯಾಮದ ಗುಂಪಿನಲ್ಲಿ 64ರಷ್ಟು. ವ್ಯಾಯಾಮದ ಗುಂಪಿನ ಅರ್ಧದಷ್ಟು ಜನ ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಬಂದಿದ್ದರು. ಈ ಲೆಕ್ಕವನ್ನು ‘ವ್ಯಾಯಾಮ ದಂಡ’ ಎಂದು ಓದುವವರಿದ್ದಾರೆ. ಉಳಿದ ಅರ್ಧದಷ್ಟು ಜನ ಕತ್ತರಿಯ ಗೊಡವೆಯಿಲ್ಲದೆ ಉಳಿದರಲ್ಲ ಎಂಬುದು ನನಗೆ ಹೆಚ್ಚಾಗಿ ಕಾಣುತ್ತದೆ. ಆದರೆ ನಾನು ಆ ಅರ್ಧಕ್ಕೆ ಸೇರಲಿಲ್ಲ.

ಆಗ ವೈದ್ಯೆ ಹೇಳಿದ ಮಾತು, ‘ಸಣ್ಣ ಆಪರೇಷನ್, ಅರ್ಧ ಗಂಟೆಯದು. ಆದರೆ ನಿರ್ಧಾರ ಸಣ್ಣದಲ್ಲ, ಓದಿಕೊಂಡು ಬನ್ನಿ.’ ನಾನು ಓದಿದೆ. ಇಂಗ್ಲಿಷಿನ ಗಟ್ಟಿ ಪದಗಳನ್ನು ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ಬಿಡಿಸಿ ಹೇಳಿದಳು. ತಾಯಿಯ ಮೂತ್ರನಾಳದ ಬಗ್ಗೆ ಮಗಳು ತಾಯಿಗೆ ಪಾಠ ಹೇಳುವುದು ಮೊದಲ ದಿನ ಇಬ್ಬರಿಗೂ ಮುಜುಗರವೆನಿಸಿತ್ತು, ನಾಲ್ಕನೆಯ ದಿನ ಏನೂ ಅನ್ನಿಸಲಿಲ್ಲ.

ಹಿಂದೆ ಇದಕ್ಕೆ ಹೊಟ್ಟೆ ಕೊಯ್ದು ಮಾಡುವ ಆಪರೇಷನ್ ಇತ್ತು. ಜಾನ್ ಬರ್ಚ್ ಎಂಬ ಅಮೆರಿಕದ ವೈದ್ಯ 1961ರಲ್ಲಿ ವಿವರಿಸಿದ ವಿಧಾನದಲ್ಲಿ ಯೋನಿಯ ಮೇಲ್ಭಾಗದ ಪಕ್ಕದ ಪೊರೆಯನ್ನು ಕಿಬ್ಬೊಟ್ಟೆಯ ತಳದ ಮುಂದಿನ ಮೂಳೆಯ ಹಿಂದಿರುವ ಗಟ್ಟಿ ನಾರಿಗೆ ಹೊಲಿದು ಮೇಲಕ್ಕೆ ಎತ್ತಿ ನಿಲ್ಲಿಸುತ್ತಾರೆ. ಈಗ ಇದನ್ನು ಲ್ಯಾಪರೋಸ್ಕೋಪಿಯಲ್ಲಿ ಸಣ್ಣ ತೂತುಗಳ ಮೂಲಕವೂ ಮಾಡುತ್ತಾರೆ. ಇನ್ನೊಂದು, ರೋಗಿಯ ಹೊಟ್ಟೆಯ ಸ್ನಾಯುವಿನ ಮೇಲಿರುವ ಗಟ್ಟಿ ಪೊರೆಯಿಂದಲೇ ಒಂದು ಪಟ್ಟಿ ಕತ್ತರಿಸಿ ಅದನ್ನು ನಾಳದ ಅಡಿಯಲ್ಲಿ ಜೋಲಿಯಂತೆ ಕಟ್ಟುವುದು. ಇವೆರಡನ್ನೂ 655 ಹೆಂಗಸರಲ್ಲಿ ಹೋಲಿಸಿದ 2007ರ ಅಮೆರಿಕದ ಅಧ್ಯಯನದಲ್ಲಿ ಸ್ವಂತ ಪೊರೆಯ ಜೋಲಿ ಸೋರಿಕೆ ನಿಲ್ಲಿಸುವುದರಲ್ಲಿ ಮುಂದಿತ್ತು, ಮೂತ್ರದ ಸೋಂಕು ಮತ್ತು ಮೂತ್ರ ಮಾಡಲು ಕಷ್ಟವಾಗುವುದರಲ್ಲಿಯೂ ಮುಂದಿತ್ತು.

ಪ್ಲಾಸ್ಟಿಕ್ ಪಟ್ಟಿಯ ಕಥೆ ಶುರುವಾಗುವುದು ಸ್ವೀಡನ್ನಿನ ಉಪ್ಸಾಲಾದ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಆಸ್ಟ್ರೇಲಿಯದ ಪೀಟರ್ ಪೆಟ್ರೋಸ್ ಅವರಿಂದ. ನಾಳದ ಕತ್ತನ್ನು ಮೇಲಕ್ಕೆ ಎಳೆದು ಕಟ್ಟುವುದು ಬೇಡ, ನಾಳದ ನಡುಭಾಗದ ಅಡಿಯಲ್ಲಿ ಸಡಿಲವಾಗಿ ಒಂದು ಆಸರೆ ಇದ್ದರೆ ಸಾಕು, ಕೆಮ್ಮಿದಾಗ ಮಾತ್ರ ಅದು ಕೆಲಸ ಮಾಡುತ್ತದೆ ಎಂಬುದು ಅವರ ವಿಚಾರ. 1996ರಲ್ಲಿ ಉಲ್ಮ್‌ಸ್ಟೆನ್ ಮತ್ತು ಜೊತೆಯವರು ಪ್ರಕಟಿಸಿದ ವಿಧಾನಕ್ಕೆ ಟಿವಿಟಿ ಎಂದು ಹೆಸರು. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಯಿಂದ ಬಲೆಯಂತೆ ಹೆಣೆದ, ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಅದು. ಎಳೆಗಳ ನಡುವಿನ ಕಣ್ಣುಗಳ ಮೂಲಕ ನಮ್ಮದೇ ಮಾಂಸ ಬೆಳೆದು ಪಟ್ಟಿಯನ್ನು ಹಿಡಿದುಕೊಳ್ಳುವುದರಿಂದ ಅದನ್ನು ಹೊಲಿದು ಕಟ್ಟಬೇಕಾಗಿಲ್ಲ. ಎರಡು ತುದಿಗಳನ್ನು ಮುಂದಿನ ಮೂಳೆಯ ಹಿಂದಿನಿಂದ ಕಿಬ್ಬೊಟ್ಟೆಗೆ ತರುವುದು ಮೂಲ ವಿಧಾನ. 2001ರಲ್ಲಿ ಫ್ರಾನ್ಸಿನ ಎಮ್ಯಾನುಯೆಲ್ ಡೆಲೋರ್ಮ್ ತುದಿಗಳನ್ನು ತೊಡೆಯ ಸಂದಿಯ ಕಡೆಗೆ ಹೊರಡಿಸಿ ಟಿಒಟಿ ಎಂಬ ಇನ್ನೊಂದು ದಾರಿ ತೋರಿಸಿದರು. ಅದರಲ್ಲಿ ಸೂಜಿ ಮೂತ್ರಕೋಶವನ್ನು ತೂರುವ ಸಂಭವ ಕಡಿಮೆ.

ಯಾವುದು ಒಳ್ಳೆಯದು? 597 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಒಂದು ವರ್ಷದ ಬಳಿಕ ಪರೀಕ್ಷೆಗಳ ಪ್ರಕಾರ ಗೆದ್ದವರು ಮೂಲ ವಿಧಾನದಲ್ಲಿ ನೂರಕ್ಕೆ ಸುಮಾರು 81, ತೊಡೆಯ ದಾರಿಯಲ್ಲಿ ಸುಮಾರು 78. ಅಂದರೆ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ತೊಂದರೆಗಳಲ್ಲಿ. ಮೂಲ ವಿಧಾನದಲ್ಲಿ ಮೂತ್ರ ಹೊರಡದೆ ಮತ್ತೆ ಕೈಹಾಕಬೇಕಾಗಿ ಬಂದವರು ನೂರಕ್ಕೆ 2.7, ತೊಡೆಯ ದಾರಿಯಲ್ಲಿ ಯಾರೂ ಇಲ್ಲ. ಆದರೆ ಕಾಲಿನ ಬಲಹೀನತೆ, ಜೋಮು ಮೊದಲಾದ ನರದ ತೊಂದರೆಗಳು ಮೂಲ ವಿಧಾನದಲ್ಲಿ 4, ತೊಡೆಯ ದಾರಿಯಲ್ಲಿ 9.4. ಪಟ್ಟಿ ಮುಂದೆಂದಾದರೂ ತೊಂದರೆ ಕೊಟ್ಟರೆ ತೊಡೆಯೊಳಗೆ ಹೊಕ್ಕ ತುದಿಗಳನ್ನು ಪೂರ್ತಿ ತೆಗೆಯುವುದು ಹೆಚ್ಚು ಕಷ್ಟ. ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿಯೂ ವಿಶೇಷ ಕಾರಣವಿಲ್ಲದೆ ತೊಡೆಯ ದಾರಿ ಹಿಡಿಯಬೇಡಿ ಎನ್ನುತ್ತದೆ. ನನ್ನ ಲೆಕ್ಕ ಇನ್ನೂ ಸರಳವಾಗಿತ್ತು. ವರ್ಷಕ್ಕೆ ಎರಡು ತಿಂಗಳು ಮೆಟ್ಟುಗತ್ತಿಯ ಮುಂದೆ ಕಾಲು ಮಡಚಿ ಕುಳಿತುಕೊಳ್ಳುವವಳಿಗೆ ತೊಡೆಯ ಸಂದಿ ನೋಯಬಾರದು. ಈ ಕಾರಣ ಕೇಳಿ ವೈದ್ಯೆ ನಕ್ಕರು, ಕೇಸ್ ಶೀಟಿನಲ್ಲಿ ಬರೆದುಕೊಂಡರು ಕೂಡ.

ಈ ಪಟ್ಟಿಯನ್ನು ಕುರಿತು ಓದುವಾಗ ಹೆದರಿಸುವ ಸುದ್ದಿಗಳೂ ಸಿಗುತ್ತವೆ, ಅವನ್ನು ಬಚ್ಚಿಡುವುದು ಸರಿಯಲ್ಲ. ಇದೇ ಪ್ಲಾಸ್ಟಿಕ್ಕಿನ ದೊಡ್ಡ ಬಲೆಗಳನ್ನು ಜಾರಿದ ಗರ್ಭಕೋಶ, ಮೂತ್ರಕೋಶಗಳನ್ನು ಎತ್ತಿ ನಿಲ್ಲಿಸಲು ಯೋನಿಯ ಮೂಲಕ ಇಟ್ಟಾಗ ಸಾವಿರಾರು ಹೆಂಗಸರು ನೋವು, ಸೋಂಕು, ಬಲೆ ಹೊರಚಾಚುವ ಕಷ್ಟಗಳನ್ನು ಅನುಭವಿಸಿದರು. 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಬಗೆಯ ಬಲೆಗಳ ಮಾರಾಟವನ್ನು ನಿಲ್ಲಿಸಲು ಆದೇಶಿಸಿತು. ಸೋರಿಕೆಯ ಪಟ್ಟಿ ಆ ಆದೇಶದಲ್ಲಿ ಸೇರಿರಲಿಲ್ಲ. ಆದರೆ ಇಂಗ್ಲೆಂಡ್ 2018ರ ಜುಲೈನಲ್ಲಿ ಸೋರಿಕೆಯ ಪಟ್ಟಿಯನ್ನೂ ಸೇರಿಸಿ ತಡೆ ಹಾಕಿತು. ಅಲ್ಲಿ ಹೆಂಗಸರ ದೂರುಗಳನ್ನು ವರ್ಷಗಟ್ಟಲೆ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ ಎಂಬುದನ್ನು ಸರ್ಕಾರದ ಕೋರಿಕೆಯಂತೆ ವಿಚಾರಣೆ ನಡೆಸಿದ ಬ್ಯಾರೊನೆಸ್ ಕಂಬರ್ಲೆಜ್ ಅವರ 2020ರ ವರದಿ ವಿವರವಾಗಿ ದಾಖಲಿಸಿದೆ. ಇನ್ನೊಂದು ಕಡೆ, ಉತ್ತರ ಯುರೋಪಿನಲ್ಲಿ ಆರಂಭದ ದಿನಗಳಲ್ಲಿ ಪಟ್ಟಿ ಹಾಕಿಸಿಕೊಂಡ 90 ಹೆಂಗಸರನ್ನು 17 ವರ್ಷ ಬಿಟ್ಟು ನೋಡಿದಾಗ, ಪರೀಕ್ಷೆಗೆ ಸಿಕ್ಕವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಸೋರಿಕೆ ಇರಲಿಲ್ಲ. ಎರಡೂ ಸತ್ಯ. ಪಳಗಿದ ಕೈ ಹಾಕಿದ ಪಟ್ಟಿಗೂ ಅವಸರದಲ್ಲಿ ಹಾಕಿದ ಪಟ್ಟಿಗೂ ಇರುವ ಅಂತರವನ್ನು ಸರಾಸರಿಯ ಲೆಕ್ಕ ತೋರಿಸುವುದಿಲ್ಲ. ಆದ್ದರಿಂದ ನಾನು ವೈದ್ಯೆಯನ್ನು ನೇರವಾಗಿ ಕೇಳಿದೆ: ವರ್ಷಕ್ಕೆ ಎಷ್ಟು ಮಾಡುತ್ತೀರಿ, ತೊಂದರೆಯಾದರೆ ಪಟ್ಟಿ ತೆಗೆಯಲು ಯಾರ ಬಳಿ ಕಳಿಸುತ್ತೀರಿ? ಎರಡನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟದ್ದರಿಂದಲೇ ನನಗೆ ಧೈರ್ಯ ಬಂದದ್ದು. ಪಟ್ಟಿ ಬೇಡವೆನ್ನುವವರಿಗೆ ಸ್ವಂತ ಪೊರೆಯ ಜೋಲಿ ಇದೆ, ನಾಳದ ಗೋಡೆಗೆ ಜೆಲ್ ಚುಚ್ಚಿ ಉಬ್ಬಿಸುವ ಇಂಜೆಕ್ಷನ್ ಇದೆ. ಇಂಜೆಕ್ಷನ್ನಿನ ಗುಣ ಕಡಿಮೆ, ಮತ್ತೆ ಮತ್ತೆ ಬೇಕಾಗಬಹುದು, ಆದರೆ ಕೊಯ್ಯುವುದಿಲ್ಲ.

ಆಪರೇಷನ್ನಿನ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ಯೋನಿಯ ಒಳಗೆ, ನಾಳದ ಅಡಿಗೆ, ಒಂದೂವರೆ ಸೆಂಟಿಮೀಟರ್ ಗಾಯ. ಕಿಬ್ಬೊಟ್ಟೆಯಲ್ಲಿ ಅಡಿಕೆ ಹೋಳಿನಷ್ಟೂ ಇಲ್ಲದ ಎರಡು ಗಾಯ. ಸೂಜಿ ಮೂತ್ರಕೋಶವನ್ನು ತೂರಿಲ್ಲವೆಂದು ಒಳಗೆ ಕ್ಯಾಮೆರಾ ಹಾಕಿ ನೋಡಿದರು. ಕೊನೆಯಲ್ಲಿ ಪಟ್ಟಿಗೂ ನಾಳಕ್ಕೂ ನಡುವೆ ಕತ್ತರಿಯನ್ನು ಅಡ್ಡ ಹಿಡಿದು, ಬಿಗಿಯಾಗದಂತೆ ಅಂತರ ಬಿಟ್ಟು, ಪಟ್ಟಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಎಳೆದು ತೆಗೆದರಂತೆ. ಎಲ್ಲ ಕೌಶಲವೂ ಸಡಿಲ ಬಿಡುವುದರಲ್ಲಿದೆ ಎಂದು ವೈದ್ಯೆ ಆಮೇಲೆ ಹೇಳಿದರು.

ಮರುದಿನ ಬೆಳಿಗ್ಗೆ ಮೂತ್ರ ಹೊರಹೋಗಲು ಹಾಕಿದ್ದ ಕೊಳವೆ, ಅಂದರೆ ಕ್ಯಾತಿಟರ್, ತೆಗೆದ ಮೇಲೆ ಮೂತ್ರ ಬರಲಿಲ್ಲ. ಹನ್ನೆರಡು ವರ್ಷ ನಿಲ್ಲು ಎಂದರೆ ನಿಲ್ಲದಿದ್ದದ್ದು ಈಗ ಬಾ ಎಂದರೆ ಬರಲೊಲ್ಲದು. ನಲ್ಲಿ ತಿರುಗಿಸಿ ನೀರಿನ ಸದ್ದು ಕೇಳಿಸಿಕೊಂಡೆ, ಬಿಸಿನೀರು ಹಾಕಿಕೊಂಡೆ, ಅತ್ತೆ ಹೊರಗಿನಿಂದ ‘ಅವಸರ ಮಾಡಡ’ ಎಂದರು. ಸ್ವಲ್ಪ ಹೋಯಿತು, ಆದರೆ ಸ್ಕ್ಯಾನಿನಲ್ಲಿ ಬಹಳಷ್ಟು ಒಳಗೇ ಉಳಿದಿತ್ತು. ಮತ್ತೆ ಕ್ಯಾತಿಟರ್ ಹಾಕಿ ಒಂದು ದಿನ ಹೆಚ್ಚು ಇರಿಸಿಕೊಂಡರು. ಊತದಿಂದ ಹೀಗಾಗುವುದುಂಟು, ಹೆಚ್ಚಿನವರಿಗೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ಆಗದಿದ್ದರೆ ಪಟ್ಟಿಯನ್ನು ಸಡಿಲಿಸಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಮೂರನೆಯ ದಿನ ತಾನಾಗಿ ಸರಿಯಾಗಿ ಹೋಯಿತು.

ಆರು ವಾರ ಭಾರ ಎತ್ತಬಾರದು, ಗಂಡನ ಜೊತೆ ಮಲಗಬಾರದು, ಮಲಬದ್ಧತೆ ಆಗದಂತೆ ನೋಡಿಕೊಳ್ಳಬೇಕು. ಆರು ವಾರ ಭಾರ ಎತ್ತದ ಹೆಂಗಸನ್ನು ನಮ್ಮ ಮನೆಗಳು ಬಾಣಂತನದಲ್ಲಿ ಮಾತ್ರ ನೋಡಿವೆ. ಎಂಬತ್ತು ದಾಟಿದ ಅತ್ತೆಯೇ ಇದನ್ನೂ ಒಂದು ಬಾಣಂತನವೆಂದು ಸಾರಿಬಿಟ್ಟರು, ಹಂಡೆಗೆ ನೀರು ತುಂಬುವ ಕೆಲಸ ಮಗನ ಪಾಲಿಗೆ ಬಂತು. ಒಂದು ಸಂಜೆ ಅತ್ತೆ ನನ್ನ ಪಕ್ಕ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಾ, ‘ನಂಗೂ ಇತ್ತು ಮಾರಾಯ್ತಿ. ಯಾರ ಹತ್ರ ಹೇಳದು? ನಿಮ್ಮ ಮಾವನಿಗೂ ಗೊತ್ತಿರಲಿಲ್ಲ’ ಎಂದರು. ಎಷ್ಟು ವರ್ಷ ಎಂದು ಕೇಳಿದೆ. ಎಲೆ ಮಡಚಿ ಬಾಯಿಗಿಟ್ಟುಕೊಂಡರು, ಉತ್ತರ ಹೇಳಲಿಲ್ಲ. ಅಡಿಕೆ ಸುಲಿಯುವಾಗ ಅವರೂ ನಡುನಡುವೆ ಹಂಡೆಯ ಬೆಂಕಿ ನೋಡಲು ಎದ್ದು ಹೋಗುತ್ತಿದ್ದದ್ದು ನನಗೆ ನೆನಪಾಯಿತು.

ಈಗ ಹೇಗಿದ್ದೇನೆ ಎಂದು ಕೇಳುವವರಿಗೆ: ಕೆಮ್ಮಿದರೆ ಸೋರುವುದಿಲ್ಲ, ಕೊಡ ಎತ್ತಿದರೆ ಸೋರುವುದಿಲ್ಲ. ಮೊದಲ ಎರಡು ತಿಂಗಳು ಹಿಂದೆ ಇಲ್ಲದ ಅವಸರ ಒಂದು ಬಂದಿತ್ತು, ಹೋಯಿತು. ನೆಗಡಿಯಾಗಿ ಸಾಲಾಗಿ ಏಳೆಂಟು ಸೀನು ಬಂದ ಒಂದೆರಡು ಸಲ ಹನಿ ಬಿದ್ದದ್ದುಂಟು. ಮೂತ್ರದ ಧಾರೆ ಮೊದಲಿಗಿಂತ ಸ್ವಲ್ಪ ನಿಧಾನ. ವರ್ಷಕ್ಕೊಮ್ಮೆ ತೋರಿಸುತ್ತೇನೆ. ಕಾರಣವಿಲ್ಲದ ಬಿಳಿ ಸ್ರಾವ, ರಕ್ತ, ಪದೇ ಪದೇ ಮೂತ್ರದ ಸೋಂಕು, ಸಂಭೋಗದಲ್ಲಿ ನೋವು ಅಥವಾ ಗಂಡನಿಗೆ ಚುಚ್ಚಿದಂತಾಗುವುದು, ಇವು ಪಟ್ಟಿ ಹೊರಚಾಚಿರುವ ಸೂಚನೆಯಾಗಬಹುದಾದ್ದರಿಂದ ಎಷ್ಟು ವರ್ಷದ ಮೇಲೆ ಬಂದರೂ ಹೋಗಿ ತೋರಿಸಬೇಕು. ಪಟ್ಟಿಯ ಪೊಟ್ಟಣದ ಮೇಲಿದ್ದ ತಯಾರಕರ ಹೆಸರು, ಬ್ಯಾಚ್ ಸಂಖ್ಯೆಯ ಚೀಟಿಯನ್ನು ಕೇಳಿ ಪಡೆದು, ಮನೆಯ ಪಹಣಿ ಪತ್ರಗಳ ಜೊತೆ ಕಡತದಲ್ಲಿ ಇಟ್ಟಿದ್ದೇನೆ. ನಾನು ಸಾಯುವವರೆಗೆ ಒಳಗಿರುವ ವಸ್ತುವಿಗೆ ಅಷ್ಟಾದರೂ ದಾಖಲೆ ಇರಲಿ.

ಹೋದ ಸಲದ ಸುಲಿತದಲ್ಲಿ ಪಕ್ಕದ ಮನೆಯ ಸೊಸೆ ನನ್ನ ಬಳಿಯ ಮೆಟ್ಟುಗತ್ತಿ ಹಿಡಿದು ಕುಳಿತಳು. ಎರಡನೆಯ ಹೆರಿಗೆಯಾಗಿ ಒಂದು ವರ್ಷವಾಗಿದೆ. ಎಲ್ಲರೂ ನಗುತ್ತಿದ್ದಾಗ ಅವಳು ಏಳಲು ಹೊರಟದ್ದನ್ನು ಕಂಡು ನಾನೇ ಮೆಲ್ಲಗೆ ಕೇಳಿದೆ. ‘ಅಕ್ಕಾ, ನಿಮ್ಮ ಆ ಆಪರೇಷನ್ ನಂಗೂ ಮಾಡಿಸ್ಬಹುದಾ?’ ಎಂದಳು. ಇನ್ನೊಂದು ಮಗು ಬೇಕೆಂಬ ಆಸೆ ಅವಳಿಗಿದೆ. ಮುಂದೆ ಹೆರಿಗೆಯಾಗುವುದಿದ್ದರೆ ಸಾಮಾನ್ಯವಾಗಿ ಈ ಆಪರೇಷನ್ ಮುಂದೂಡುತ್ತಾರೆ, ವ್ಯಾಯಾಮವನ್ನು ಅವಳಿನ್ನೂ ಮಾಡಿಯೂ ಇಲ್ಲ. ನನ್ನ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆಯ ವಿಳಾಸದ ಬದಲು ಆ ಫಿಸಿಯೋಥೆರಪಿಸ್ಟ್ ಹುಡುಗಿಯ ನಂಬರು ಕೊಟ್ಟೆ. ಒಂದು ವಾರ ಬಿಟ್ಟು ನೋಡಿದರೆ, ಕೈ ಅಡಿಕೆ ಸುಲಿಯುತ್ತಿದೆ, ಮುಖದಲ್ಲಿ ಏನೂ ಇಲ್ಲ, ತುಟಿ ಮಾತ್ರ ಸದ್ದಿಲ್ಲದೆ ಐದು, ಆರು, ಏಳು, ಎಂಟು ಎನ್ನುತ್ತಿದೆ.